ಉತ್ತರ ಯಾವ ಮಟ್ಟದಲ್ಲಿರಬೇಕು? ಸಂದೇಶದ ಹಾದಿಯಲ್ಲಿ ಹ್ಯಾಂಡ್ಲರ್‌ನ ಜಾಗ

(ಗುಡೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಕೀರ್ತನೆ, ಶಾಸನ, ಶಿಲ್ಪ ಇಂಥ ವಿಷಯಗಳನ್ನು ಆರಿಸಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಕೂಡಲಸಂಗಮ, ಐಹೊಳೆ, ಬಾದಾಮಿಗಳು ಹತ್ತಿರವಿರುವ ಈ ಊರಿನಲ್ಲಿ ಅದು ಸಹಜವೂ ಹೌದು. ಈ ಸಲ ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳಿಗೆ ಕೆಲಸಕ್ಕೆ ಬರುವಂಥ ವಿಷಯ ಇರಲಿ ಎಂದು ದತ್ತಿಯವರು ಬಯಸಿದರು. ಅದಕ್ಕಾಗಿ ಪ್ರೋಗ್ರಾಮ್ ಬರೆಯುವ ಪ್ರತಿಯೊಬ್ಬರೂ ಮೊದಲ ತಿಂಗಳಲ್ಲೇ ಎದುರಿಸುವ, ಆದರೆ ಪಠ್ಯಪುಸ್ತಕಗಳು ಒಂದೆರಡು ಸಾಲಿನಲ್ಲಿ ದಾಟಿಬಿಡುವ ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ಪರದೆಯ ಮೇಲಿನ ಗುಂಡಿಯನ್ನು ಯಾರೋ ಒತ್ತಿದರು. ಅದಕ್ಕೆ ಉತ್ತರ ಕೊಡುವ ನಾಲ್ಕು ಸಾಲನ್ನು ಎಲ್ಲಿ ಬರೆಯಬೇಕು?

ಏನು ಬರೆಯಬೇಕು ಎಂಬುದನ್ನು ಮೇಷ್ಟ್ರು ಹೇಳಿಕೊಡುತ್ತಾರೆ. ಎಲ್ಲಿ ಬರೆಯಬೇಕು ಎಂಬುದನ್ನು ಬಹಳ ಮಂದಿ ಏಟು ತಿಂದೇ ಕಲಿಯುತ್ತಾರೆ. ಆ ಏಟು ತಪ್ಪಿಸುವುದು ಇವತ್ತಿನ ಮಾತಿನ ಮೊದಲ ಉದ್ದೇಶ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿದ ಕಥೆಯೂ ಇದೇ ಪ್ರಶ್ನೆಯ ಕಥೆ ಎಂದು ತೋರಿಸುವುದು ಎರಡನೆಯ ಉದ್ದೇಶ.

1. ಹಾದಿ

1987ರ ಆಗಸ್ಟಿನಲ್ಲಿ ಆಪಲ್ ಕಂಪನಿ ಹೈಪರ್‌ಕಾರ್ಡ್ ಎಂಬ ತಂತ್ರಾಂಶವನ್ನು ಹೊರತಂದಿತು. ಅದನ್ನು ರೂಪಿಸಿದವರು ಬಿಲ್ ಅಟ್ಕಿನ್ಸನ್. ಅದರೊಳಗಿನ ಹೈಪರ್‌ಟಾಕ್ ಭಾಷೆ ಡ್ಯಾನ್ ವಿಂಕ್ಲರ್ ಅವರದು. ಶಿಕ್ಷಕರು, ವೈದ್ಯರು, ಗ್ರಂಥಪಾಲಕರು, ಅಂದರೆ ಪ್ರೋಗ್ರಾಮಿಂಗ್ ಕಸುಬಲ್ಲದವರು ತಮ್ಮ ಕೆಲಸಕ್ಕೆ ಬೇಕಾದ ತಂತ್ರಾಂಶವನ್ನು ತಾವೇ ಕಟ್ಟಿಕೊಳ್ಳಲಿ ಎಂಬುದು ಅದರ ಆಸೆ. ಹಾಗೆಯೇ ಆಯಿತು ಕೂಡ. ಜಗತ್ತಿನಾದ್ಯಂತ ಸಾವಿರಾರು ಮೇಷ್ಟ್ರುಗಳು ಪಾಠದ ಕಾರ್ಡುಗಳನ್ನು ಮಾಡಿದರು. 1993ರಲ್ಲಿ ಬಂದ ಪ್ರಸಿದ್ಧ ಆಟ ಮಿಸ್ಟ್ ಕೂಡ ಮೊದಲು ಹೈಪರ್‌ಕಾರ್ಡಿನಲ್ಲೇ ಕಟ್ಟಿದ್ದು. 2004ರಲ್ಲಿ ಆಪಲ್ ಅದರ ಮಾರಾಟ ನಿಲ್ಲಿಸಿತು. ಅದರ ವಂಶ ಮೆಟಾಕಾರ್ಡ್, ರೆವಲ್ಯೂಷನ್, ಲೈವ್‌ಕೋಡ್ ಎಂಬ ಹೆಸರುಗಳಲ್ಲಿ ಮುಂದುವರಿಯಿತು.

ಹೈಪರ್‌ಕಾರ್ಡಿನ ಲೋಕ ಸರಳವಾದದ್ದು. ಪರದೆಯ ಮೇಲೆ ಕಾಣುವುದು ಒಂದು ಕಾರ್ಡ್. ಕಾರ್ಡಿನ ಮೇಲೆ ಗುಂಡಿಗಳು, ಬರೆಯುವ ಚೌಕಗಳು. ಹಲವು ಕಾರ್ಡುಗಳಿಗೆ ಸಾಮಾನ್ಯವಾಗಿ ಒಂದು ಹಿನ್ನೆಲೆ. ಎಲ್ಲ ಕಾರ್ಡುಗಳೂ ಸೇರಿ ಒಂದು ಸ್ಟ್ಯಾಕ್. ಗುಂಡಿಗೆ, ಕಾರ್ಡಿಗೆ, ಹಿನ್ನೆಲೆಗೆ, ಸ್ಟ್ಯಾಕಿಗೆ, ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಸ್ಕ್ರಿಪ್ಟ್ ಇರಬಹುದು. ಆ ಸ್ಕ್ರಿಪ್ಟಿನೊಳಗೆ ‘ಇಂಥ ಸಂದೇಶ ಬಂದರೆ ಹೀಗೆ ಮಾಡು’ ಎಂದು ಬರೆದ ತುಣುಕಿಗೆ ಹ್ಯಾಂಡ್ಲರ್ ಎಂದು ಹೆಸರು.

ಗುಂಡಿಯ ಮೇಲೆ ಮೌಸ್ ಒತ್ತಿ ಬಿಟ್ಟ ಕೂಡಲೇ ‘ಮೌಸ್‌ಅಪ್’ ಎಂಬ ಸಂದೇಶ ಹುಟ್ಟುತ್ತದೆ. ಅದು ಮೊದಲು ಆ ಗುಂಡಿಯ ಬಳಿ ಹೋಗುತ್ತದೆ. ಅಲ್ಲಿ ಹ್ಯಾಂಡ್ಲರ್ ಇದ್ದರೆ ಕೆಲಸ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಕಾರ್ಡಿಗೆ, ಕಾರ್ಡಿನಿಂದ ಹಿನ್ನೆಲೆಗೆ, ಹಿನ್ನೆಲೆಯಿಂದ ಸ್ಟ್ಯಾಕಿಗೆ, ಅಲ್ಲಿಂದ ಹೋಮ್ ಸ್ಟ್ಯಾಕಿಗೆ, ಕಡೆಗೆ ಹೈಪರ್‌ಕಾರ್ಡಿಗೇ ಹೋಗುತ್ತದೆ. ಇದೇ ಸಂದೇಶದ ಹಾದಿ. ಹಾದಿಯಲ್ಲಿ ಮೊದಲು ಸಿಕ್ಕ ಹ್ಯಾಂಡ್ಲರ್ ಸಂದೇಶವನ್ನು ಹಿಡಿದುಕೊಳ್ಳುತ್ತದೆ. ‘ಪಾಸ್’ ಎಂಬ ಒಂದು ಸಾಲು ಬರೆದರೆ ಮಾತ್ರ ಅದು ಮುಂದಿನ ಮಟ್ಟಕ್ಕೆ ಹೋಗುತ್ತದೆ.

ಹಾದಿ ಇಷ್ಟೇ. ಇದರ ಮೇಲೆ ಒಂದು ನಿಜವಾದ ಪಾಠವನ್ನು ಕಟ್ಟಿ ನೋಡೋಣ.

2. ವರ್ಣಮಾಲೆಯ ಕಾರ್ಡ್

ಒಂದನೆಯ ತರಗತಿಯ ಮಕ್ಕಳಿಗೆ ವರ್ಣಮಾಲೆಯ ಕಾರ್ಡ್ ಮಾಡಬೇಕಾಗಿದೆ. ಹದಿಮೂರು ಸ್ವರ, ಎರಡು ಯೋಗವಾಹ, ಮೂವತ್ತನಾಲ್ಕು ವ್ಯಂಜನ, ಒಟ್ಟು 49 ಗುಂಡಿಗಳು. ಮಗು ಯಾವ ಅಕ್ಷರ ಒತ್ತುತ್ತದೆಯೋ ಆ ಅಕ್ಷರದ ದನಿ ಕೇಳಿಸಬೇಕು.

ಹೊಸದಾಗಿ ಕಲಿಯುವವರು ಮೊದಲು ‘ಅ’ ಗುಂಡಿಯ ಸ್ಕ್ರಿಪ್ಟ್ ತೆರೆದು ದನಿ ನುಡಿಸುವ ಸಾಲು ಬರೆಯುತ್ತಾರೆ. ಚೆನ್ನಾಗಿ ನಡೆಯುತ್ತದೆ. ಅದನ್ನೇ ‘ಆ’ ಗುಂಡಿಗೆ ನಕಲು ಮಾಡುತ್ತಾರೆ, ಆಮೇಲೆ ‘ಇ’ಗೆ. ಹೀಗೆ 49 ಹ್ಯಾಂಡ್ಲರ್‌ಗಳಾಗುತ್ತವೆ. ಎರಡು ವಾರದ ಮೇಲೆ ಶಾಲೆಯ ಅಕ್ಕೋರು ಬಂದು ‘ದನಿಯ ಜೊತೆಗೆ ಅಕ್ಷರದ ಬಣ್ಣವೂ ಬದಲಾದರೆ ಚೊಲೋ ಇರತೈತಿ’ ಎನ್ನುತ್ತಾರೆ. ಆಗ 49 ಕಡೆ ತಿದ್ದಬೇಕು. 46 ಕಡೆ ತಿದ್ದಿ ಮೂರು ಕಡೆ ಮರೆತರೆ ಆ ಮೂರು ಅಕ್ಷರಗಳು ಬೇರೆ ರೀತಿ ನಡೆದುಕೊಳ್ಳುತ್ತವೆ. ತಪ್ಪು ಎಲ್ಲಿದೆ ಎಂದು ಮಗುವಿಗೂ ಗೊತ್ತಾಗದು, ಅಕ್ಕೋರಿಗೂ ಗೊತ್ತಾಗದು.

ಗುಂಡಿಗಳಲ್ಲಿ ಏನನ್ನೂ ಬರೆಯದೆ ಕಾರ್ಡಿನ ಸ್ಕ್ರಿಪ್ಟಿನಲ್ಲಿ ಒಂದೇ ಹ್ಯಾಂಡ್ಲರ್ ಬರೆದರೆ? 49 ಗುಂಡಿಗಳ ಸಂದೇಶವೂ ತಡೆಯಿಲ್ಲದೆ ಕಾರ್ಡಿಗೆ ಬರುತ್ತದೆ. ಯಾವ ಗುಂಡಿಯನ್ನು ಒತ್ತಿದರು ಎಂದು ಕಾರ್ಡಿಗೆ ತಿಳಿಯಬೇಕಲ್ಲ? ಅದಕ್ಕಾಗಿ ಹೈಪರ್‌ಟಾಕ್ ‘ಟಾರ್ಗೆಟ್’ ಎಂಬುದನ್ನು ಕೊಟ್ಟಿದೆ. ಸಂದೇಶವನ್ನು ಮೊದಲು ಪಡೆದ ವಸ್ತು ಯಾವುದು ಎಂದು ಅದು ಹೇಳುತ್ತದೆ. ಈಗ ಯಾರ ಸ್ಕ್ರಿಪ್ಟ್ ಓಡುತ್ತಿದೆ ಎಂಬುದನ್ನು ‘ಮಿ’ ಎಂಬುದು ಹೇಳುತ್ತದೆ. ಟಾರ್ಗೆಟ್‌ನ ಹೆಸರು ‘ಕ’ ಆಗಿದ್ದರೆ ‘ಕ’ದ ದನಿ ನುಡಿಸು, ಅಷ್ಟೇ. ಬಣ್ಣ ಬೇಕೆಂದರೆ ಒಂದೇ ಕಡೆ ತಿದ್ದಿದರೆ ಸಾಕು.

‘ಟಾರ್ಗೆಟ್’, ‘ಮಿ’ ಈ ಎರಡರ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಉತ್ತರ ಮೇಲಿನ ಮಟ್ಟಕ್ಕೆ ಹೋದಾಗ ಕರೆದವರ ಗುರುತೂ ಅದರ ಜೊತೆ ಮೇಲಕ್ಕೆ ಹೋಗಬೇಕು. ಗುರುತು ತಲುಪದ ಉತ್ತರ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಮಗು ಯಾವ ಗುಂಡಿಯನ್ನೂ ಒತ್ತದೆ ಕಾರ್ಡಿನ ಖಾಲಿ ಜಾಗ ಒತ್ತಿದರೂ ಮೌಸ್‌ಅಪ್ ಹುಟ್ಟುತ್ತದೆ. ಆಗ ಟಾರ್ಗೆಟ್ ಕಾರ್ಡೇ. ಕಾರ್ಡಿನ ಹೆಸರಿನ ದನಿ ಹುಡುಕಲು ಹೋಗಿ ಪ್ರೋಗ್ರಾಮ್ ಎಡವುತ್ತದೆ. ಆದ್ದರಿಂದ ‘ಟಾರ್ಗೆಟ್ ಗುಂಡಿಯೇ?’ ಎಂದು ಮೊದಲು ಕೇಳಿಕೊಳ್ಳಬೇಕು. ಮೇಲಿನ ಮಟ್ಟದಲ್ಲಿ ಕುಳಿತವರಿಗೆ ತಮಗೆ ಸಂಬಂಧವಿಲ್ಲದ ಕರೆಗಳೂ ಬರುತ್ತವೆ, ಅವನ್ನು ಸೋಸಿಕೊಳ್ಳುವುದು ಅವರದೇ ಹೊಣೆ.

ಈಗ ಯೋಗವಾಹಗಳನ್ನು ನೋಡಿ. ಅನುಸ್ವಾರ, ವಿಸರ್ಗಗಳು ಇನ್ನೊಂದು ಅಕ್ಷರದ ಜೊತೆಯಲ್ಲೇ ಉಚ್ಚಾರವಾಗುತ್ತವೆ. ಮಗು ಅವನ್ನು ಒತ್ತಿದಾಗ ‘ಅಂ’, ‘ಅಃ’ ಎಂದು ನುಡಿದು, ಆಮೇಲೆ ‘ಕಂ’, ‘ಕಃ’ ಎಂಬ ಉದಾಹರಣೆಯನ್ನೂ ಕೇಳಿಸಿದರೆ ಪಾಠ ಪೂರ್ತಿಯಾಗುತ್ತದೆ. ಇದು 47 ಗುಂಡಿಗಳಿಗೆ ಬೇಡ, ಎರಡಕ್ಕೆ ಮಾತ್ರ ಬೇಕು. ಕಾರ್ಡಿನ ಹ್ಯಾಂಡ್ಲರ್‌ನಲ್ಲಿ ‘ಇದಾದರೆ ಹೀಗೆ, ಅದಾದರೆ ಹಾಗೆ’ ಎಂದು ತುಂಬಬಹುದು. ಆದರೆ ವಿನಾಯಿತಿಗಳು ಹೆಚ್ಚಿದಂತೆ ಆ ಹ್ಯಾಂಡ್ಲರ್ ಯಾರಿಗೂ ಓದಲಾಗದಂತೆ ಉಬ್ಬುತ್ತದೆ. ಎರಡೇ ಗುಂಡಿಗಳ ಸ್ಕ್ರಿಪ್ಟಿನಲ್ಲಿ ಅವುಗಳ ವಿಶೇಷ ಉತ್ತರ ಬರೆದರೆ ಸಂದೇಶ ಅಲ್ಲೇ ನಿಲ್ಲುತ್ತದೆ. ಬಣ್ಣ ಬದಲಿಸುವ ಸಾಮಾನ್ಯ ಕೆಲಸವೂ ಆಗಬೇಕೆಂದರೆ ಕೊನೆಯಲ್ಲಿ ‘ಪಾಸ್’ ಎಂದು ಬರೆದು ಕಾರ್ಡಿಗೆ ಕಳಿಸಬಹುದು. ಎಲ್ಲರಿಗೂ ಒಂದೇ ಆದ ಉತ್ತರ ಮೇಲಿರಲಿ, ಒಬ್ಬರದೇ ಆದ ಉತ್ತರ ಅವರಲ್ಲೇ ಇರಲಿ.

ಹಾಗಾದರೆ ಇನ್ನೂ ಮೇಲಕ್ಕೆ, ಸ್ಟ್ಯಾಕಿಗೇ ಒಯ್ದರೆ ಏನು ಕಷ್ಟ? ಅದೇ ಸ್ಟ್ಯಾಕಿನಲ್ಲಿ ಕಾಗುಣಿತದ ಕಾರ್ಡ್ ಇದೆ, ಅಂಕಿಗಳ ಕಾರ್ಡ್ ಇದೆ, ಹೆಸರು ಬರೆಯುವ ಕಾರ್ಡ್ ಇದೆ. ಅಲ್ಲಿನ ‘ಸರಿ’, ‘ಅಳಿಸು’ ಗುಂಡಿಗಳನ್ನು ಒತ್ತಿದರೂ ಸ್ಟ್ಯಾಕಿನ ಹ್ಯಾಂಡ್ಲರ್ ಅಕ್ಷರದ ದನಿ ಹುಡುಕುತ್ತದೆ. ‘ಮುಂದೆ’, ‘ಹಿಂದೆ’ ಎಂಬ ಗುಂಡಿಗಳ ಉತ್ತರ ಮಾತ್ರ ಎಲ್ಲ ಕಾರ್ಡುಗಳಿಗೂ ಒಂದೇ, ಅವು ಹಿನ್ನೆಲೆಗೆ ಸೇರಿದವು. ಬಾಣದ ಕೀಲಿ ಒತ್ತಿದರೆ ಪುಟ ತಿರುಗಬೇಕು ಎಂಬುದು ಇಡೀ ಸ್ಟ್ಯಾಕಿನ ನಡೆ, ಅದು ಸ್ಟ್ಯಾಕಿಗೆ ಸೇರಿದ್ದು.

ಹೋಮ್ ಸ್ಟ್ಯಾಕಿನಲ್ಲಿ ಬರೆದರೆ ಬೇರೆಯದೇ ತೊಂದರೆ. ಹೋಮ್ ಎಂಬುದು ನನ್ನ ಕಂಪ್ಯೂಟರಿನದು. ಪಾಠದ ಸ್ಟ್ಯಾಕನ್ನು ನಕಲು ಮಾಡಿ ಪಕ್ಕದ ಶಾಲೆಗೆ ಕೊಟ್ಟರೆ ಹೋಮ್‌ನಲ್ಲಿ ಬರೆದದ್ದು ನನ್ನಲ್ಲೇ ಉಳಿಯುತ್ತದೆ. ನನ್ನ ಮೇಜಿನ ಮೇಲೆ ಚೆನ್ನಾಗಿ ನಡೆದ ಪಾಠ ಅಲ್ಲಿ ಮೂಕವಾಗುತ್ತದೆ. ವಸ್ತು ಎಲ್ಲಿಗೆ ಹೋದರೂ ಅದರ ಜೊತೆ ಹೋಗಬೇಕಾದ ಉತ್ತರ ಆ ವಸ್ತುವಿನೊಳಗೇ ಇರಬೇಕು.

ಲೈವ್‌ಕೋಡ್ ಬಳಸುವವರು ಎಡವುವ ಇನ್ನೊಂದು ಜಾಗವಿದೆ. ಅಲ್ಲಿ ಒಂದು ಮುಖ್ಯ ಸ್ಟ್ಯಾಕಿನ ಅಡಿಯಲ್ಲಿ ಉಪಸ್ಟ್ಯಾಕುಗಳಿರುತ್ತವೆ, ಉಪಸ್ಟ್ಯಾಕಿನ ಸಂದೇಶಗಳು ಮುಖ್ಯ ಸ್ಟ್ಯಾಕಿನ ಮೂಲಕ ಹಾದುಹೋಗುತ್ತವೆ. ಪ್ರೋಗ್ರಾಮ್ ತೆರೆದಾಗ ಒಮ್ಮೆ ಮಾತ್ರ ಆಗಬೇಕಾದ ಸಿದ್ಧತೆಯನ್ನು ‘ಓಪನ್‌ಸ್ಟ್ಯಾಕ್’ ಹ್ಯಾಂಡ್ಲರ್ ಆಗಿ ಮುಖ್ಯ ಸ್ಟ್ಯಾಕಿನ ಸ್ಕ್ರಿಪ್ಟಿನಲ್ಲಿ ಬರೆದರೆ, ಪ್ರತಿ ಉಪಸ್ಟ್ಯಾಕ್ ತೆರೆದಾಗಲೂ ಅದು ಮತ್ತೆ ಓಡುತ್ತದೆ. ಮಗು ತುಂಬಿದ್ದ ಅಂಕಗಳೆಲ್ಲ ಸೊನ್ನೆಯಾಗಬಹುದು. ಅದನ್ನೇ ಮುಖ್ಯ ಸ್ಟ್ಯಾಕಿನ ಮೊದಲ ಕಾರ್ಡಿನ ಸ್ಕ್ರಿಪ್ಟಿಗೆ ಇಳಿಸಿದರೆ ಈ ಕಾಟ ತಪ್ಪುತ್ತದೆ, ಏಕೆಂದರೆ ಉಪಸ್ಟ್ಯಾಕಿನ ಹಾದಿಯಲ್ಲಿ ಆ ಕಾರ್ಡ್ ಬರುವುದಿಲ್ಲ. ಹ್ಯಾಂಡ್ಲರ್‌ನ ಒಂದು ಅಕ್ಷರವನ್ನೂ ಬದಲಿಸಬೇಕಾಗಿಲ್ಲ, ಜಾಗ ಬದಲಿಸಿದರೆ ಸಾಕು.

3. ನಮಗೆ ಗೊತ್ತಿರುವ ಹಾದಿ

ಇಂಥದೇ ಹಾದಿ ನಮ್ಮ ಆಡಳಿತದಲ್ಲೂ ಇದೆ. ಹೈಪರ್‌ಕಾರ್ಡ್ ಬಂದ ಅದೇ 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. 1983ರಲ್ಲಿ ರೂಪುಗೊಂಡ ಕಾಯ್ದೆಯನ್ನು ಜಾರಿಗೆ ತರಲು ಪಟ್ಟು ಹಿಡಿದು ದುಡಿದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟು ‘ನೀರ್ ಸಾಬ್’ ಎಂದು ಹೆಸರಾದವರು. ಹಳ್ಳಿಯ ಕೆಲಸವನ್ನು ಹಳ್ಳಿಗೆ ಹತ್ತಿರದವರೇ ತೀರ್ಮಾನಿಸಬೇಕು ಎಂಬುದು ಅವರ ನಿಲುವು. 1993ರ ಪಂಚಾಯತ್ ರಾಜ್ ಕಾಯ್ದೆಯಿಂದ ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳು ಬಂದವು.

ನಮ್ಮ ಓಣಿಯ ಬೀದಿದೀಪ ಕೆಟ್ಟರೆ ಗ್ರಾಮ ಪಂಚಾಯತಿ ಉತ್ತರಿಸಬೇಕು. ಓಣಿ ಯಾವುದು, ಕಂಬ ಯಾವುದು ಎಂದು ಗೊತ್ತಿರುವುದು ಅದಕ್ಕೆ. ಹತ್ತು ಊರುಗಳಿಗೆ ಸೇರಿದ ವಿಷಯಕ್ಕೆ ತಾಲ್ಲೂಕು ಬೇಕು. ಇಡೀ ರಾಜ್ಯಕ್ಕೆ ಒಂದೇ ಇರಬೇಕಾದ ನಿಯಮವನ್ನು ಪ್ರತಿ ಪಂಚಾಯತಿ ತನಗೆ ತೋಚಿದಂತೆ ಮಾಡಿದರೆ ಊರಿಗೊಂದು ಕಾನೂನಾದೀತು. ಬೀದಿದೀಪದ ಅರ್ಜಿ ಬೆಂಗಳೂರಿಗೆ ಹೋಗುವುದೂ ತಪ್ಪು, ರಾಜ್ಯದ ನಿಯಮ ಓಣಿಯಲ್ಲಿ ಹುಟ್ಟುವುದೂ ತಪ್ಪು. ತನ್ನಲ್ಲಿ ಬಗೆಹರಿಯದ್ದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳದೆ ಮುಂದಕ್ಕೆ ಕಳಿಸುವುದು ಪ್ರತಿ ಹಂತದ ಕರ್ತವ್ಯ. ಈ ಸಭೆಯಲ್ಲಿರುವ ಹಿರಿಯರಿಗೆ ಪಂಚಾಯತಿಯ ಈ ಹಾದಿ ನನಗಿಂತ ಚೆನ್ನಾಗಿ ಗೊತ್ತು. ಕಂಪ್ಯೂಟರಿನ ಹಾದಿಯೂ ಇದೇ ವಿವೇಕವನ್ನು ಕೇಳುತ್ತದೆ.

4. ಬ್ರೌಸರಿನೊಳಗೆ

ಇವತ್ತು ನಿಮ್ಮಲ್ಲಿ ಹೆಚ್ಚಿನವರು ಕಲಿಯುತ್ತಿರುವುದು ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ರೂಪಿಸಿದ ಭಾಷೆ ಅದು. ಜಾಲಪುಟದಲ್ಲಿ ಗುಂಡಿ ಒಂದು ಚೌಕದೊಳಗೆ, ಚೌಕ ಇನ್ನೊಂದು ಚೌಕದೊಳಗೆ, ಎಲ್ಲವೂ ದಾಖಲೆಯೊಳಗೆ. ಹಾಗಾಗಿ ಅಲ್ಲಿಯೂ ಹಾದಿ ಉಂಟು. ಆದರೆ 1997ರ ಸುಮಾರಿಗೆ ಎರಡು ದೊಡ್ಡ ಬ್ರೌಸರುಗಳು ಎರಡು ದಿಕ್ಕಿನ ಹಾದಿ ಹಿಡಿದವು. ನೆಟ್‌ಸ್ಕೇಪ್ 4ರಲ್ಲಿ ಸಂದೇಶ ಹೊರಗಿನಿಂದ ಒಳಗೆ ಇಳಿಯುತ್ತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ ಒಳಗಿನಿಂದ ಹೊರಗೆ ಏರುತ್ತಿತ್ತು. ಒಂದೇ ಪುಟ ಎರಡರಲ್ಲೂ ಓಡಬೇಕೆಂದರೆ ಎರಡೆರಡು ಸಲ ಬರೆಯಬೇಕಿತ್ತು.

2000ದ ನವೆಂಬರಿನಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಪ್ರಕಟಿಸಿದ ಮಾನಕ ಎರಡನ್ನೂ ಒಂದುಗೂಡಿಸಿತು. ಸಂದೇಶ ಮೊದಲು ಹೊರಗಿನಿಂದ ಇಳಿಯುತ್ತದೆ, ಗುರಿಯನ್ನು ಮುಟ್ಟುತ್ತದೆ, ಮತ್ತೆ ಹೊರಗೆ ಏರುತ್ತದೆ. ಹೈಪರ್‌ಟಾಕಿನ ‘ಟಾರ್ಗೆಟ್’, ‘ಮಿ’ಗಳ ಕೆಲಸವನ್ನು ಇಲ್ಲಿ ‘ಟಾರ್ಗೆಟ್’ ಮತ್ತು ‘ಕರೆಂಟ್‌ಟಾರ್ಗೆಟ್’ ಮಾಡುತ್ತವೆ. ನಮ್ಮ 49 ಅಕ್ಷರಗಳ ಪಾಠವನ್ನು ಜಾಲಪುಟದಲ್ಲಿ ಮಾಡಿದರೂ ಗುಂಡಿಗಳನ್ನು ಸುತ್ತಿಕೊಂಡ ಚೌಕಕ್ಕೆ ಒಂದೇ ಹ್ಯಾಂಡ್ಲರ್ ಕೊಟ್ಟರೆ ಸಾಕು. ಇದಕ್ಕೆ ‘ಈವೆಂಟ್ ಡೆಲಿಗೇಷನ್’ ಎಂದು ಹೆಸರು. ನಾಳೆ ಇನ್ನೊಂದು ಗುಂಡಿ ಸೇರಿಸಿದರೆ ಅದಕ್ಕೂ ಉತ್ತರ ತಾನಾಗಿ ಸಿಗುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಹೈಪರ್‌ಕಾರ್ಡಿನಲ್ಲಿ ಸಂದೇಶ ಹಿಡಿದವರಲ್ಲೇ ನಿಲ್ಲುತ್ತದೆ, ಮುಂದೆ ಕಳಿಸಲು ‘ಪಾಸ್’ ಎನ್ನಬೇಕು. ಬ್ರೌಸರಿನಲ್ಲಿ ಸಂದೇಶ ಮುಂದೆ ಹೋಗುತ್ತಲೇ ಇರುತ್ತದೆ, ನಿಲ್ಲಿಸಬೇಕೆಂದರೆ ‘ಸ್ಟಾಪ್ ಪ್ರಾಪಗೇಷನ್’ ಎನ್ನಬೇಕು.

ಅತಿ ಮೇಲೆ ಇಡುವುದರ ಬೆಲೆಯನ್ನು ದೊಡ್ಡ ದೊಡ್ಡ ತಂಡಗಳೂ ತೆತ್ತಿವೆ. ಬೆರಳು ತಾಕಿದ್ದನ್ನು ತಿಳಿಸುವ ಸಂದೇಶಕ್ಕೆ ಎಷ್ಟೋ ಪುಟಗಳು ದಾಖಲೆಯ ಮಟ್ಟದಲ್ಲೇ ಹ್ಯಾಂಡ್ಲರ್ ಇಟ್ಟಿದ್ದವು. ಅದು ‘ಪುಟ ಸರಿಸಬೇಡ’ ಎಂದೀತೇನೋ ಎಂದು ಬ್ರೌಸರ್ ಪ್ರತಿ ಸಲವೂ ಕಾಯಬೇಕಾಗುತ್ತಿತ್ತು, ಮೊಬೈಲಿನಲ್ಲಿ ಪುಟ ತಡವರಿಸುತ್ತಿತ್ತು. 2017ರಲ್ಲಿ ಬಂದ ಕ್ರೋಮ್ 56, ಅಷ್ಟು ಮೇಲಿನ ಸ್ಪರ್ಶದ ಹ್ಯಾಂಡ್ಲರ್‌ಗಳಿಗೆ ತಡೆಯುವ ಅಧಿಕಾರವಿಲ್ಲ ಎಂದು ಮೊದಲೇ ಎಣಿಸಿಕೊಂಡು ಕಾಯುವುದನ್ನು ಬಿಟ್ಟಿತು. ಇನ್ನು ರಿಯಾಕ್ಟ್ ಎಂಬ ಹೆಸರಾಂತ ಜಾವಾಸ್ಕ್ರಿಪ್ಟ್ ಲೈಬ್ರರಿ ಬಹುಕಾಲ ತನ್ನ ಹ್ಯಾಂಡ್ಲರ್‌ಗಳನ್ನು ದಾಖಲೆಯ ಮಟ್ಟದಲ್ಲಿ ಕೂರಿಸುತ್ತಿತ್ತು. ಒಂದೇ ಪುಟದಲ್ಲಿ ರಿಯಾಕ್ಟಿನ ಎರಡು ಆವೃತ್ತಿಗಳಿದ್ದರೆ ಒಂದು ನಿಲ್ಲಿಸಿದ ಸಂದೇಶ ಇನ್ನೊಂದನ್ನು ಮುಟ್ಟಿಯೇ ಬಿಡುತ್ತಿತ್ತು. 2020ರ ಅಕ್ಟೋಬರಿನಲ್ಲಿ ಬಂದ 17ನೆಯ ಆವೃತ್ತಿಯಲ್ಲಿ ಅವನ್ನು ಆಯಾ ಆ್ಯಪ್‌ನ ಬೇರಿನ (ರೂಟ್) ಚೌಕಕ್ಕೆ ಇಳಿಸಿದರು.

5. ಕನ್ನಡದ ಕೀಲಿಯ ಹಾದಿ

ಈಗ ನನ್ನ ಮನಸ್ಸಿಗೆ ತೀರ ಹತ್ತಿರದ ಭಾಗಕ್ಕೆ ಬರುತ್ತೇನೆ.

ಕೀಲಿ ಒತ್ತುವುದೂ ಒಂದು ಸಂದೇಶ. ಅದು ಕೀಲಿಮಣೆಯಿಂದ ಕಾರ್ಯಾಚರಣ ವ್ಯವಸ್ಥೆಗೆ, ಅಲ್ಲಿಂದ ತೆರೆದಿರುವ ತಂತ್ರಾಂಶಕ್ಕೆ, ಅದರೊಳಗಿನ ಬರೆಯುವ ಚೌಕಕ್ಕೆ ಹೋಗುತ್ತದೆ. ಜಾಲಪುಟವಾದರೆ ಪುಟದ ಸ್ಕ್ರಿಪ್ಟೂ ನಡುವೆ ಬರುತ್ತದೆ. ಇಂಗ್ಲಿಷ್ ಕೀಲಿಯನ್ನು ಕನ್ನಡ ಅಕ್ಷರವಾಗಿಸುವ ಹ್ಯಾಂಡ್ಲರ್ ಈ ಹಾದಿಯಲ್ಲಿ ಎಲ್ಲಿರಬೇಕು? ಇದಕ್ಕೆ ನಾವು ಸುಮಾರು ಮೂವತ್ತು ವರ್ಷ ಬೇರೆ ಬೇರೆ ಉತ್ತರ ಕೊಟ್ಟಿದ್ದೇವೆ, ಪ್ರತಿ ಉತ್ತರಕ್ಕೂ ಅದರದೇ ಕಾರಣವಿತ್ತು.

ಮೊದಲಿಗೆ ಜಿಸ್ಟ್ ಕಾರ್ಡ್ ಬಂತು. ಐಐಟಿ ಕಾನ್ಪುರದ ಕೆಲಸದಿಂದ ಬೆಳೆದು ಪುಣೆಯ ಸಿ-ಡ್ಯಾಕ್ ಮುಂದುವರಿಸಿದ ಈ ಸಲಕರಣೆಯನ್ನು ಕಂಪ್ಯೂಟರಿನೊಳಗೆ ಕೂರಿಸಬೇಕಿತ್ತು. ಡಾಸ್ ಕಾಲದ ತಂತ್ರಾಂಶಗಳಿಗೆ ಕನ್ನಡದ ಸುಳಿವೂ ಇರಲಿಲ್ಲ, ಉತ್ತರವೆಲ್ಲ ಯಂತ್ರಾಂಶದ್ದು. ಆ ಸಲಕರಣೆ ಇದ್ದ ಕಡೆ ಕನ್ನಡ, ಇಲ್ಲದ ಕಡೆ ಇಲ್ಲ.

ಆಮೇಲೆ ವಿಂಡೋಸ್ ಕಾಲದ ತಂತ್ರಾಂಶಗಳು. ಕೆ.ಪಿ. ರಾವ್ ಅವರು ರೂಪಿಸಿದ ತರ್ಕಬದ್ಧ ಕೀಲಿಮಣೆ ಕನ್ನಡಿಗರ ಬೆರಳಿಗೆ ಹೊಂದಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಈ ಜನರಿಗೆ ನಾವು ಋಣಿಗಳು. ಅವರಿಲ್ಲದಿದ್ದರೆ ಕಚೇರಿಗಳಲ್ಲಿ, ಅಚ್ಚುಕೂಟಗಳಲ್ಲಿ ಕನ್ನಡ ಕಂಪ್ಯೂಟರಿಗೆ ಬರುತ್ತಲೇ ಇರಲಿಲ್ಲ. ಆದರೆ ಆ ಕಾಲದಲ್ಲಿ ಪ್ರತಿ ತಂತ್ರಾಂಶವೂ ತನ್ನ ಹ್ಯಾಂಡ್ಲರ್ ತಾನೇ ಇಟ್ಟುಕೊಳ್ಳಬೇಕಿತ್ತು. ಅದು ಹೊರಡಿಸುತ್ತಿದ್ದದ್ದು ಅಕ್ಷರವನ್ನಲ್ಲ, ತನ್ನ ಫಾಂಟಿನ ತುಣುಕುಗಳನ್ನು. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಫಾಂಟಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತಿತ್ತು. ವರ್ಣಮಾಲೆಯ ಕಾರ್ಡಿನಲ್ಲಿ 49 ಗುಂಡಿಗಳಿಗೆ 49 ಹ್ಯಾಂಡ್ಲರ್ ಬರೆದಾಗ ಆದದ್ದೇ ಇಲ್ಲಿ ಇಡೀ ಭಾಷೆಗೆ ಆಯಿತು.

ಎಲ್ಲರಿಗೂ ಒಂದೇ ಆದ ಉತ್ತರ ಮೇಲಿರಬೇಕು ಎಂಬ ತತ್ತ್ವ ಇಲ್ಲಿ, ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ ರೂಪದಲ್ಲಿ ಬಂತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನೂ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೂ ವ್ಯವಸ್ಥೆಯ ಮಟ್ಟದಲ್ಲೇ ಕೊಟ್ಟಿತು. ಯೂನಿಕೋಡ್ ತಿಳಿದ ಯಾವ ತಂತ್ರಾಂಶಕ್ಕಾದರೂ ಈಗ ಸಿದ್ಧ ಕನ್ನಡ ಅಕ್ಷರವೇ ಬಂದು ತಲುಪುವಂತಾಯಿತು.

ಆದರೂ ನಮ್ಮ ಜನ ಕೆ.ಪಿ. ರಾವ್ ವಿನ್ಯಾಸಕ್ಕಾಗಿ ನುಡಿ, ಬರಹಗಳನ್ನೇ ಹಿಡಿದುಕೊಂಡರು. ಅಭ್ಯಾಸಬಲವೊಂದೇ ಇದಕ್ಕೆ ಕಾರಣವಲ್ಲ, ತಾಂತ್ರಿಕ ಕಾರಣವೂ ಇತ್ತು. ಇನ್‌ಸ್ಕ್ರಿಪ್ಟಿನಲ್ಲಿ ‘ಉ’ ಸ್ವರಕ್ಕೆ ಒಂದು ಒತ್ತು, ಕೊಂಬಿಗೆ ಇನ್ನೊಂದು ಒತ್ತು. ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ ಇದ್ದರೆ ಸಾಕು. ಹಿಂದಿನ ಅಕ್ಷರ ಏನಿತ್ತು ಎಂದು ನೋಡಬೇಕಾಗಿಲ್ಲ. ಆದ್ದರಿಂದ ಅದು ವ್ಯವಸ್ಥೆಯ ಮಟ್ಟದಲ್ಲಿ ಸಲೀಸಾಗಿ ಕೂರುತ್ತದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಯು ಕೀಲಿ ಒಂದೇ. ವ್ಯಂಜನದ ನಂತರ ಒತ್ತಿದರೆ ಕೊಂಬು, ಬೇರೆ ಕಡೆ ಒತ್ತಿದರೆ ‘ಉ’. ‘ಗುಡೂರು’ ಎಂದು ಬರೆಯಲು ಜಿ, ಯು, ಡಬ್ಲ್ಯು, ದೊಡ್ಡ ಯು, ಆರ್, ಯು ಎಂಬ ಆರು ಒತ್ತು. ಯೂನಿಕೋಡಿನಲ್ಲಿ ಈ ಹೆಸರಿಗೆ ಸಂಕೇತಗಳೂ ಆರೇ. ಅಷ್ಟು ಅಚ್ಚುಕಟ್ಟು. ಆದರೆ ಯು ಒತ್ತಿದಾಗ ಹಿಂದೆ ‘ಗ’ ಇದೆ ಎಂದು ಹ್ಯಾಂಡ್ಲರ್‌ಗೆ ಗೊತ್ತಿರಬೇಕು. ಆ ತಿಳಿವಳಿಕೆ ಇರುವುದು ಬರೆಯುವ ಚೌಕದಲ್ಲಿ. ವಿಂಡೋಸಿನ ಸಾದಾ ಕೀಲಿಪಟ್ಟಿಗೆ ಚೌಕದೊಳಗಿನ ಅಕ್ಷರ ಕಾಣುವುದಿಲ್ಲ. ಕೊನೆಗೆ ಒತ್ತಿದ ಕೀಲಿಯನ್ನು ನೆನಪಿಟ್ಟುಕೊಂಡರೂ, ಬರೆಯುವವರು ಮೌಸಿನಿಂದ ಬೇರೆ ಕಡೆ ಹೋಗಿ ನಿಂತರೆ ಆ ನೆನಪು ಸುಳ್ಳಾಗುತ್ತದೆ.

ಹಾಗಾಗಿ ಜಾಲತಾಣಗಳು ಬೇರೆ ಹಾದಿ ಹಿಡಿದವು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಬರೆಯಲು ಬರುವವರು ಎಷ್ಟೋ ಸಲ ಕನ್ನಡವಿಲ್ಲದ ಕಂಪ್ಯೂಟರಿನ ಮುಂದೆ, ಇಂಟರ್ನೆಟ್ ಕೇಂದ್ರಗಳಲ್ಲಿ ಕುಳಿತಿರುತ್ತಿದ್ದರು. ಅಲ್ಲಿ ಏನನ್ನೂ ಅನುಸ್ಥಾಪಿಸುವಂತಿಲ್ಲ. ಆದ್ದರಿಂದ ಪುಟವೇ ತನ್ನ ಹ್ಯಾಂಡ್ಲರ್ ಹೊತ್ತುಕೊಂಡು ಬಂತು. ಮೊದಲು ನಾರಾಯಂ ಎಂಬ ವಿಸ್ತರಣೆ, 2013ರಿಂದ ಯುನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್. ಪುಟದ ಹ್ಯಾಂಡ್ಲರ್‌ಗೆ ಚೌಕದೊಳಗಿನ ಅಕ್ಷರ ಕಾಣುತ್ತದೆ. ಕರ್ಸರಿನ ಹಿಂದಿನ ಅಕ್ಷರಗಳನ್ನು ಓದಿಕೊಂಡು ಅದು ಸರಿಯಾದ ಚಿಹ್ನೆ ಹಾಕುತ್ತದೆ. ವಸ್ತುವಿನ ಜೊತೆಗೇ ಉತ್ತರವೂ ಹೋಗಬೇಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊಬೈಲ್ ಬಂದ ಮೇಲೆ ಈ ಜಾಗವೂ ಅಲುಗಾಡಿತು. ಆಂಡ್ರಾಯ್ಡ್ ಫೋನಿನ ಕೀಲಿಮಣೆಯೇ ಒಂದು ಆ್ಯಪ್. ಅದು ಪೂರ್ತಿ ಪದವನ್ನು ಸಿದ್ಧಮಾಡಿ ಕೊಡುತ್ತದೆ, ಪುಟಕ್ಕೆ ಬರುವ ‘ಕೀಡೌನ್’ ಸಂದೇಶದಲ್ಲಿ ಬಹಳ ಸಲ 229 ಎಂಬ ಒಂದೇ ಸಂಖ್ಯೆ ಇರುತ್ತದೆ. ಯಾವ ಅಕ್ಷರ ಎಂದು ಅದರಿಂದ ತಿಳಿಯದು. ಕೀಲಿಯನ್ನು ನಂಬಿ ಬರೆದ ಹ್ಯಾಂಡ್ಲರ್‌ಗಳು ಅಲ್ಲಿ ಸೋಲುತ್ತವೆ. ಚೌಕದೊಳಗೆ ಅಕ್ಷರ ಬಂದು ಕುಳಿತ ಮೇಲೆ ಹುಟ್ಟುವ ‘ಇನ್‌ಪುಟ್’ ಸಂದೇಶಕ್ಕೆ ಕಿವಿಗೊಟ್ಟವು ಗೆಲ್ಲುತ್ತವೆ.

ಇದೆಲ್ಲದರಿಂದ ತಿಳಿಯುವುದು ಇಷ್ಟು: ಎಲ್ಲರಿಗೂ ಸಲ್ಲುವ ಹ್ಯಾಂಡ್ಲರ್ ವ್ಯವಸ್ಥೆಯ ಮಟ್ಟದಲ್ಲೇ ಇರಬೇಕು, ಆದರೆ ಕರ್ಸರಿನ ಸುತ್ತ ಇರುವ ಅಕ್ಷರಗಳನ್ನು ತಂತ್ರಾಂಶ ಅದಕ್ಕೆ ತಿಳಿಸಬೇಕು. ಲಿನಕ್ಸಿನ ಎಂ17ಎನ್ ಲೈಬ್ರರಿಯಲ್ಲಿ ಕನ್ನಡದ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಇದೆ, ಸುತ್ತಲಿನ ಪಠ್ಯವನ್ನು ಕೇಳಿ ಪಡೆಯುವ ಏರ್ಪಾಡೂ ಇದೆ. ವರ್ಣಮಾಲೆಯ ಕಾರ್ಡ್ ‘ಟಾರ್ಗೆಟ್ ಯಾರು?’ ಎಂದು ಕೇಳಿದ್ದೂ ಕೀಲಿಮಣೆ ‘ಹಿಂದಿನ ಅಕ್ಷರ ಯಾವುದು?’ ಎಂದು ಕೇಳಿದ್ದೂ ಒಂದೇ ಪ್ರಶ್ನೆ. ಉತ್ತರ ಮೇಲಿನ ಮಟ್ಟದಲ್ಲಿರಲಿ, ಸಂದರ್ಭ ಕೆಳಗಿನಿಂದ ಅದನ್ನು ತಲುಪಲಿ. ಇವತ್ತಿನ ಉಪನ್ಯಾಸದ ತಿರುಳು ಇದು.

6. ಬರೆಯುವ ಮೊದಲು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ

ವಿದ್ಯಾರ್ಥಿಗಳು ಇವನ್ನು ಬರೆದುಕೊಳ್ಳಬಹುದು.

ಒಂದು: ಈ ಉತ್ತರ ಯಾರ್ಯಾರಿಗೆಲ್ಲ ಒಂದೇ? ಅವರನ್ನೆಲ್ಲ ಒಳಗೊಂಡ ಅತಿ ಹತ್ತಿರದ ಮಟ್ಟವನ್ನು ಹುಡುಕಿ, ಅಲ್ಲಿ ಬರೆಯಿರಿ. ಅದಕ್ಕಿಂತ ಮೇಲೆ ಹೋಗಬೇಡಿ.

ಎರಡು: ಉತ್ತರಕ್ಕೆ ಬೇಕಾದ ತಿಳಿವಳಿಕೆ ಯಾರ ಬಳಿ ಇದೆ? ಅದು ಕೆಳಗಿದ್ದರೆ ಮೇಲಕ್ಕೆ ತಲುಪಿಸುವ ದಾರಿ ಇದೆಯೇ ನೋಡಿ. ದಾರಿ ಇಲ್ಲದಿದ್ದರೆ ಉತ್ತರವನ್ನೇ ಕೆಳಗಿಳಿಸಿ.

ಮೂರು: ಈ ವಸ್ತುವನ್ನು ಇನ್ನೊಬ್ಬರಿಗೆ ಕೊಟ್ಟಾಗ ಉತ್ತರವೂ ಜೊತೆಗೆ ಹೋಗಬೇಕೇ? ಹೋಗಬೇಕಾದರೆ ಅದು ವಸ್ತುವಿನೊಳಗಿರಲಿ.

ನಾಲ್ಕು: ನನ್ನ ಕೆಲಸ ಮುಗಿದ ಮೇಲೆ ಸಂದೇಶ ಮುಂದೆ ಹೋಗಬೇಕೇ? ಲೈವ್‌ಕೋಡಿನಲ್ಲಿ ‘ಕೀಡೌನ್’ ಹಿಡಿದು ‘ಪಾಸ್’ ಬರೆಯಲು ಮರೆತರೆ, ಬರೆಯುವ ಚೌಕದಲ್ಲಿ ಒಂದು ಅಕ್ಷರವೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವವರೂ ಇದ್ದಾರೆ.

ಪ್ರೋಗ್ರಾಮ್ ಹೇಳಿದಂತೆ ಕೇಳದಿದ್ದರೆ ಕೂಡಲೇ ಸಾಲುಗಳನ್ನು ತಿದ್ದಲು ಹೋಗಬೇಡಿ. ಒಂದು ಹಾಳೆ ತೆಗೆದುಕೊಂಡು ಸಂದೇಶದ ಹಾದಿ ಬರೆಯಿರಿ. ಹುಟ್ಟಿದ್ದೆಲ್ಲಿ, ಯಾರ್ಯಾರನ್ನು ಹಾದುಬಂತು, ನಿಂತದ್ದೆಲ್ಲಿ ಎಂದು ಗುರುತು ಹಾಕಿ. ಬಹಳ ಸಲ ಸಾಲುಗಳು ಸರಿಯಾಗೇ ಇರುತ್ತವೆ, ತಪ್ಪಿರುವುದು ಜಾಗ.

7. ಒಂದು ಬೇಡಿಕೆ

ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯುವ ಈ ನಾಡಿನ ಮಕ್ಕಳು ನೀವು. ಮನೆಯ ಮಗ್ಗದ ಲೆಕ್ಕಕ್ಕೆ, ನೂಲಿನ ದಾಸ್ತಾನಿಗೆ, ಸೀರೆಗಳ ಪಟ್ಟಿಗೆ ನಿಮ್ಮಲ್ಲಿ ಯಾರಾದರೂ ನಾಳೆ ಒಂದು ಸಣ್ಣ ತಂತ್ರಾಂಶ ಬರೆಯಬಹುದು. ಬರೆಯಲೇಬೇಕು ಎಂಬುದು ನನ್ನ ಆಸೆ. ಅದರಲ್ಲಿ ಹೆಸರುಗಳನ್ನು ಕನ್ನಡದಲ್ಲಿ ತುಂಬುವಂತಿರಲಿ. ಅದಕ್ಕಾಗಿ ನಿಮ್ಮದೇ ಹೊಸ ಕೀಲಿ ಹ್ಯಾಂಡ್ಲರ್ ಬರೆಯಲು ಹೋಗಬೇಡಿ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಇರುವ ಯೂನಿಕೋಡ್ ಕನ್ನಡವನ್ನು ಹಾಗೇ ಒಳಗೆ ಬರಲು ಬಿಡಿ. ಇಂಗ್ಲಿಷ್ ಅಕ್ಷರ ಮಾತ್ರ ಸಾಕು ಎಂದು ಕೀಲಿಯಲ್ಲೇ ತಡೆಯುವ ಹ್ಯಾಂಡ್ಲರ್‌ಗಳು ಇಂದಿಗೂ ಅನೇಕ ಅರ್ಜಿ ನಮೂನೆಗಳಲ್ಲಿ ಕುಳಿತಿವೆ, ಕನ್ನಡದ ಹೆಸರು ಅಲ್ಲಿಗೇ ನಿಂತುಹೋಗುತ್ತದೆ. ನಿಮ್ಮ ತಂತ್ರಾಂಶದಲ್ಲಿ ಅಂಥ ತಡೆ ಇರಬಾರದು.

ಶಿಕ್ಷಕರಲ್ಲಿ ಒಂದು ಮಾತು. ಮಗು ಬರೆದ ಪ್ರೋಗ್ರಾಮ್ ಓಡಿತೋ ಇಲ್ಲವೋ ಎಂದು ನೋಡಿ ಅಂಕ ಕೊಡುವುದರ ಜೊತೆಗೆ ‘ಇದನ್ನ ಇಲ್ಲೇ ಯಾಕ ಬರದಿ?’ ಎಂದೂ ಕೇಳಿ. ಕಾರಣ ಹೇಳಬಲ್ಲ ಮಗು ನಾಳೆ ಸಾವಿರ ಜನ ಬಳಸುವ ವ್ಯವಸ್ಥೆಯನ್ನೂ ಕಟ್ಟಬಲ್ಲದು. ಆ ವ್ಯವಸ್ಥೆ ಕನ್ನಡ ಬಲ್ಲವರ ಕೈಯಿಂದ ಆದರೆ, ಕನ್ನಡಕ್ಕೆ ಯಾವ ಮಟ್ಟದಲ್ಲಿ ಜಾಗ ಬೇಕು ಎಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗುವುದಿಲ್ಲ.